ಶಿವಮೊಗ್ಗದ ಒಂದು ಮೂಳೆ ಚಿಕಿತ್ಸಾಲಯ: ಮೂವರು ರೋಗಿಗಳ ಮನೆಯಿಂದ

ಒಂದೇ ವರ್ಷದೊಳಗೆ ನಮ್ಮ ಮನೆಯ ಮೂವರು ಶಿವಮೊಗ್ಗದ ಒಂದೇ ಮೂಳೆ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದ್ದೇವೆ: ಆಷಾಢದ ಮಳೆಯಲ್ಲಿ ನಾನು, ದಸರಾ ರಜೆಯಲ್ಲಿ ತಂಗಿಯ 8 ವರ್ಷದ ಮಗ, ಅಡಕೆ ಕೊಯ್ಲು ಮುಗಿದು ಮನೆಯ ಕೆಲಸ ಹಗುರಾದ ಮೇಲೆ 71 ವರ್ಷದ ಅಮ್ಮ. ಮೆಟ್ಟಿಲು ಹತ್ತಿದ್ದೇವೆ ಎಂದದ್ದು ಬರೀ ಮಾತಿನ ರೂಢಿಯಿಂದಲ್ಲ. ವೈದ್ಯರ ಕೋಣೆ ನೆಲಮಹಡಿಯಲ್ಲಿದ್ದರೂ ಫಿಸಿಯೋಥೆರಪಿ ಕೋಣೆ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮೊಣಕಾಲು ನೋವೆಂದು ಬಂದವರು 19 ಮೆಟ್ಟಿಲು ಹತ್ತಿದ ಮೇಲೆಯೇ ಅವರ ಮೊಣಕಾಲಿಗೆ ಚಿಕಿತ್ಸೆ ಸಿಗುತ್ತದೆ. ಹೊಗಳಬೇಕಾದದ್ದು ಬಹಳ ಇದ್ದರೂ ಇಂಥ ಎರಡು ಮೂರು ದೂರುಗಳೂ ಇರುವುದರಿಂದ ಚಿಕಿತ್ಸಾಲಯದ ಹೆಸರನ್ನು ಬರೆಯುವುದಿಲ್ಲ. ಶಿವಮೊಗ್ಗದಲ್ಲಿ ಇಂಥವು ಹಲವಿವೆ. ಎಲ್ಲಿಗೆ ಹೋದರೂ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ಓದುವವರಿಗೆ ತಿಳಿದರೆ ನನಗೆ ಸಾಕು.

ನಾನು ಬಿದ್ದದ್ದು ತೋಟದ ಸಂಕದ ಮೇಲಿಂದ. ಎರಡು ಹಳೆಯ ಅಡಕೆಮರಗಳನ್ನು ಹಳ್ಳಕ್ಕೆ ಅಡ್ಡ ಹಾಕಿದ ಸಂಕ. ಜುಲೈ ಬಂತೆಂದರೆ ಅದರ ಮೇಲೆ ಹಾವಸೆ ಹಿಡಿದು ಬೆಣ್ಣೆ ಸವರಿದಂತಾಗುತ್ತದೆ. ಜಾರಿದವನು ಸಹಜವಾಗಿ ಬಲಗೈ ಚಾಚಿದೆ, ಅಂಗೈ ಊರಿ ಬಿದ್ದೆ, ಎದ್ದು ನೋಡಿದಾಗ ಮಣಿಕಟ್ಟು ಊಟದ ಫೋರ್ಕ್ ಕವುಚಿಟ್ಟಂತೆ ಬಾಗಿತ್ತು. ತೋಟದಲ್ಲಿ ಕೆಲಸಕ್ಕಿದ್ದವರು ಗಾಬರಿಯಾಗಲಿಲ್ಲ. ಬಿದ್ದಿದ್ದ ಹಸಿ ಅಡಕೆಹಾಳೆಯೊಂದನ್ನು, ಅಂದರೆ ಸೋಗೆಯ ಬುಡದ ಅಗಲವಾದ ಪೊರೆಯನ್ನು, ಮೊಣಕೈಯಿಂದ ಬೆರಳಿನ ಬುಡದವರೆಗೆ ಬರುವಂತೆ ಕತ್ತಿಯಲ್ಲಿ ಕೊಯ್ದು, ಅದರೊಳಗೆ ಕೈಯನ್ನು ಮಲಗಿಸಿ, ಎರಡು ಕಡೆ ಟವೆಲಿನಿಂದ ಕಟ್ಟಿದರು. ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗಿನ ಸುಮಾರು 60 ಕಿಲೋಮೀಟರ್ ದಾರಿಯಲ್ಲಿ, ಮಂಡಗದ್ದೆಯ ತಿರುವುಗಳಲ್ಲಿ ಕಾರು ಕುಲುಕಿದಾಗಲೂ ಕೈ ಅಲುಗಲಿಲ್ಲ. ಚಿಕಿತ್ಸಾಲಯದ ವೈದ್ಯರು ಆ ಹಾಳೆಯನ್ನು ಬಿಚ್ಚುವ ಮೊದಲು ಸಹಾಯಕರನ್ನು ಕರೆದು ತೋರಿಸಿದರು. 'ಇಷ್ಟು ಚೆನ್ನಾಗಿ ಕಟ್ಟಿಕೊಂಡು ಬಂದವರನ್ನ ನಾನು ಕಡಿಮೆ ನೋಡಿದೀನಿ ಮೇಷ್ಟ್ರೇ' ಎಂದರು. ಅಲ್ಲಿಂದಲೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು ಎನ್ನಬಹುದು, ಏಕೆಂದರೆ ಹಳ್ಳಿಯಿಂದ ಹೋದವರು ಮಾಡಿಕೊಂಡು ಬಂದದ್ದನ್ನೆಲ್ಲ ತಪ್ಪೆನ್ನುವ ಅಭ್ಯಾಸ ಪೇಟೆಯ ಆಸ್ಪತ್ರೆಗಳಲ್ಲಿ ಕಡಿಮೆಯೇನಿಲ್ಲ.

ಇದು ಮುಂಗೈಯ ರೇಡಿಯಸ್ ಮೂಳೆಯ ತುದಿಯ ಮುರಿತ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ 1814ರಲ್ಲಿ ಇದನ್ನು ವಿವರಿಸಿ ಬರೆದದ್ದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಎಕ್ಸ್‌ರೇ ಕಂಡುಹಿಡಿಯುವುದಕ್ಕೆ 81 ವರ್ಷ ಮೊದಲು, ಕೇವಲ ಕೈಯಿಂದ ಮುಟ್ಟಿ ಅವನು ಇದನ್ನು ಗುರುತಿಸಿದ್ದ. ಮುರಿದ ಜಾಗಕ್ಕೇ ಸೂಜಿಯಲ್ಲಿ ಮರಗಟ್ಟಿಸುವ ಔಷಧ ಹಾಕಿ, ಒಬ್ಬರು ಮೊಣಕೈಯ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದು, ವೈದ್ಯರು ಹಸ್ತವನ್ನು ನಿಧಾನವಾಗಿ ಎಳೆದು ಕೆಳಕ್ಕೆ ಬಾಗಿಸಿ ಕೂರಿಸಿದರು. ನೋವಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿರುವುದು ಆ ಶಬ್ದ: ಒದ್ದೆ ಮರಳಿನ ಮೇಲೆ ಚಪ್ಪಲಿ ಎಳೆದಂತೆ ಒಂದು ಸಣ್ಣ ಕರಕರ. ಆಮೇಲೆ ಮತ್ತೊಂದು ಎಕ್ಸ್‌ರೇ ತೆಗೆದು, ಮೊದಲಿನ ಚಿತ್ರವನ್ನೂ ಎರಡನೆಯದನ್ನೂ ಒಟ್ಟಿಗೆ ದೀಪದ ಪೆಟ್ಟಿಗೆಯ ಮೇಲಿಟ್ಟು, ಕೋನ ಎಷ್ಟು ಸರಿಹೋಯಿತೆಂದು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು. ಈ ಚಿಕಿತ್ಸಾಲಯದ ದೊಡ್ಡ ಗುಣವಿದು. ತೋರಿಸದೆ, ಹೇಳದೆ ಏನನ್ನೂ ಮಾಡುವುದಿಲ್ಲ.

ಪ್ಲಾಸ್ಟರನ್ನು ಸುತ್ತಲೂ ಹಾಕದೆ ಮೊದಲ ವಾರ ಒಂದು ಬದಿಗೆ ಮಾತ್ರ ಪಟ್ಟಿಯಂತೆ ಹಾಕಿ ಬ್ಯಾಂಡೇಜ್ ಸುತ್ತಿದರು. ಊತ ಏರುವ ದಿನಗಳಲ್ಲಿ ಗಟ್ಟಿಯಾದ ಕೊಳವೆಯೊಳಗೆ ಕೈಯನ್ನು ಸಿಕ್ಕಿಸಿದರೆ ರಕ್ತ ಓಡಾಡುವ ದಾರಿ ಮುಚ್ಚಿಹೋಗಬಹುದೆಂಬುದು ಕಾರಣ. ಬೆರಳು ನೀಲಿಯಾದರೆ, ಮರಗಟ್ಟಿದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಇದ್ದರೆ ನಡುರಾತ್ರಿಯಾದರೂ ಫೋನ್ ಮಾಡಬೇಕೆಂದು ಚೀಟಿಯ ಹಿಂದೆ ಕನ್ನಡದಲ್ಲಿಯೇ ಬರೆದುಕೊಟ್ಟರು. ಪ್ಲಾಸ್ಟರ್ ಗಟ್ಟಿಯಾಗುವಾಗ ಕೈ ಬೆಚ್ಚಗಾದದ್ದು ನನ್ನೊಳಗಿನ ವಿಜ್ಞಾನದ ಮೇಷ್ಟ್ರಿಗೆ ಸಂತೋಷ ಕೊಟ್ಟಿತು: ಜಿಪ್ಸಮ್ಮನ್ನು ಕಾಯಿಸಿ ನೀರು ಕಳೆದು ಪುಡಿಮಾಡಿರುತ್ತಾರೆ, ನೀರು ಮರಳಿ ಸೇರಿದೊಡನೆ ಅದು ಶಾಖವನ್ನು ಬಿಟ್ಟುಕೊಟ್ಟು ಮತ್ತೆ ಕಲ್ಲಾಗುತ್ತದೆ. ಪುಡಿ ಉಜ್ಜಿದ ಬಟ್ಟೆಪಟ್ಟಿಯನ್ನು ನೀರಿನಲ್ಲಿ ಅದ್ದಿ ಸುತ್ತುವ ಈ ವಿಧಾನವನ್ನು ನೆದರ್ಲೆಂಡ್ಸ್ ಸೇನೆಯ ವೈದ್ಯ ಮಥೈಸೆನ್ 1851ರಲ್ಲಿ ರೂಢಿಸಿದ. ಇಂದು ಹಗುರವಾದ ಫೈಬರ್ ಕಟ್ಟು ಬಂದಿದೆ. ಎರಡನೆಯ ವಾರ ನನಗೆ ಅದನ್ನೇ ಹಾಕಿದರು. ನಮ್ಮ ಮಳೆಗಾಲದಲ್ಲಿ ಅದಕ್ಕೆ ಹೆಚ್ಚು ಹಣ ಕೊಡುವುದು ದಂಡವಲ್ಲ.

ಎರಡನೆಯ ವಾರದ ಎಕ್ಸ್‌ರೇ ನೋಡಿ ನಾನು ಹೆದರಿದ್ದೆ. ಮೊದಲ ದಿನ ಕೂದಲೆಳೆಯಂತಿದ್ದ ಬಿರುಕು ಈಗ ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ವೈದ್ಯರು ನಕ್ಕು, ಮನೆ ರಿಪೇರಿ ಮಾಡುವವರು ಮೊದಲು ಹಳೆಯ ಗಾರೆಯನ್ನು ಕೆತ್ತಿ ತೆಗೆಯುವುದಿಲ್ಲವೇ ಎಂದು ಕೇಳಿದರು. ಮುರಿದ ಕ್ಷಣದಲ್ಲಿ ಮೂಳೆಯೊಳಗಿನ ರಕ್ತನಾಳಗಳೂ ಹರಿದು, ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಮುಂದಿನ ಕೆಲಸಗಾರರನ್ನು ಕರೆಯುವ ಕೂಗು. ಮೊದಲು ಬರುವವು ಉರಿಯೂತದ ಕೋಶಗಳು. ಅವುಗಳ ಹಿಂದೆ ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಬಂದು, ರಕ್ತ ಸಿಗದೆ ಸತ್ತ ಅಂಚುಗಳನ್ನು ಕರಗಿಸುತ್ತವೆ. ಬಿರುಕು ಅಗಲವಾಗಿ ಕಾಣುವುದು ಇದರಿಂದಲೇ. ಅನಂತರ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು ಕೊಲ್ಯಾಜೆನ್ ಎಂಬ ನಾರನ್ನು ಹೆಣೆದು ಹಾಸುತ್ತವೆ, ಆ ನಾರಿನ ಸಂದುಗಳಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಕೂರುತ್ತವೆ. ಶಾಲೆಯಲ್ಲಿ ನಾನು ಪ್ರತಿವರ್ಷ ಮಾಡಿಸುವ ಪ್ರಯೋಗವೊಂದಿದೆ: ಕೋಳಿಯ ಕಾಲಿನ ಮೂಳೆಯನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಹಾಕಿದರೆ ಹರಳು ಕರಗಿ ನಾರು ಮಾತ್ರ ಉಳಿದು ರಬ್ಬರಿನಂತೆ ಬಾಗುತ್ತದೆ, ಇನ್ನೊಂದನ್ನು ಬೆಂಕಿಯಲ್ಲಿ ಸುಟ್ಟರೆ ನಾರು ಹೋಗಿ ಹರಳು ಮಾತ್ರ ಉಳಿದು ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಇಷ್ಟು ವರ್ಷ ಇದನ್ನು ಪಾಠ ಮಾಡಿಯೂ ನನ್ನದೇ ಎಕ್ಸ್‌ರೇ ಎದುರಿಗೆ ಬಂದಾಗ ಬೆವರಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಔಷಧದ ಚೀಟಿ ಚಿಕ್ಕದಾಗಿತ್ತು. ಐದು ದಿನದ ನೋವಿನ ಮಾತ್ರೆ, ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದದ್ದರಿಂದ ವಾರಕ್ಕೊಂದರಂತೆ ಎಂಟು ವಾರದ ಮಾತ್ರೆ, ಅಷ್ಟೆ. ಜೂನಿನಿಂದ ಸೆಪ್ಟೆಂಬರವರೆಗೆ ಸೂರ್ಯನನ್ನು ಕಾಣದ ಊರಿನಲ್ಲಿ ಇದು ಸೋಜಿಗವಲ್ಲ. ಚರ್ಮಕ್ಕೆ ಬಿಸಿಲು ಬೀಳದಿದ್ದರೆ ವಿಟಮಿನ್ ಡಿ ತಯಾರಾಗುವುದಿಲ್ಲ, ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬೇಗ ಕೂಡಲು ಇಂಜೆಕ್ಷನ್ ಏನಾದರೂ ಇದೆಯೇ ಎಂದು ನಾನು ಕೇಳಿದ್ದಕ್ಕೆ, 'ಮೂಳೆ ಕೂಡಿಸೋದು ನಾನಲ್ಲ, ಅದು ತಾನೇ ಕೂಡುತ್ತೆ. ಓರೆಯಾಗದ ಹಾಗೆ ಹಿಡ್ಕೊಳ್ಳೋದಷ್ಟೇ ನನ್ನ ಕೆಲಸ' ಎಂದರು. ಬಳಿಕ ನನ್ನ ಬಾಯಿಯ ಕಡೆ ನೋಡಿ, ಎಲೆಯಡಕೆಗೆ ಹೊಗೆಸೊಪ್ಪು ಹಾಕುತ್ತೀರಾ ಎಂದು ವಿಚಾರಿಸಿದರು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಸ ರಕ್ತನಾಳ ನುಗ್ಗಿ ಬರದೆ ಹೊಸ ಮೂಳೆಯಿಲ್ಲ. ಆ ಆರು ವಾರ ಹೊಗೆಸೊಪ್ಪು ಬಿಟ್ಟೆ. ಆಮೇಲಿನದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಆರನೆಯ ವಾರದ ಕೊನೆಗೆ ಗರಗಸ ಹಿಡಿದು ಕಟ್ಟನ್ನು ಕೊಯ್ದು ತೆಗೆದಾಗ ಹೊರಬಂದದ್ದು ನನ್ನ ಕೈಯೇ ಎಂದು ನಂಬಲಾಗಲಿಲ್ಲ. ಚರ್ಮ ಒಣಗಿದ ಬಾಳೆಪಟ್ಟೆಯಂತೆ ಸಿಪ್ಪೆಯೇಳುತ್ತಿತ್ತು, ಮುಂಗೈ ತೆಳ್ಳಗಾಗಿತ್ತು, ಮಣಿಕಟ್ಟು ಬಾಗಿಲಿನ ತುಕ್ಕುಹಿಡಿದ ಕೀಲಿನಂತೆ ಅಲ್ಲಾಡದಾಗಿತ್ತು. ಮೂಳೆ ಕೂಡಿತ್ತು, ಕೈ ಮಾತ್ರ ಕೈಯಾಗಿರಲಿಲ್ಲ. ಮೇಲಿನ ಮಹಡಿಯ ಫಿಸಿಯೋಥೆರಪಿ ಕೋಣೆ ನಿಜವಾಗಿ ಬೆಲೆ ಬಾಳುವುದು ಇಲ್ಲಿ. ಗೋಡೆಗೆ ಬೆರಳು ಹತ್ತಿಸುವ ಮರದ ಏಣಿ, ಭುಜ ತಿರುಗಿಸುವ ಚಕ್ರ, ಮೇಲಿನಿಂದ ಇಳಿಬಿಟ್ಟ ರಾಟೆ, ಮೂಲೆಯಲ್ಲಿ ಮೇಣ ಕಾಯಿಸುವ ಸ್ಟೀಲಿನ ತೊಟ್ಟಿ. ಅಲ್ಲಿನ ಫಿಸಿಯೋಥೆರಪಿಸ್ಟ್ ಇನ್ನೂ ಮೂವತ್ತು ದಾಟದ ಹುಡುಗಿ. ತೊಟ್ಟಿಯ ಥರ್ಮಾಮೀಟರನ್ನು ನೋಡಿ, ಮೊದಲು ತನ್ನ ಬೆರಳು ಅದ್ದಿ ಪರೀಕ್ಷಿಸಿ, ಅನಂತರವೇ ನನ್ನ ಕೈಯನ್ನು ಅದ್ದಿಸುತ್ತಿದ್ದರು. ಸುಮಾರು 50 ಡಿಗ್ರಿಯ ಮೇಣ ಅದು. ಅದ್ದಿ ತೆಗೆದರೆ ಕೈಗೆ ತೆಳುವಾದ ಬಿಳಿಯ ಪೊರೆ ಕಟ್ಟುತ್ತದೆ, ಮತ್ತೆ ಅದ್ದಿದರೆ ಇನ್ನೊಂದು ಪೊರೆ. ಏಳೆಂಟು ಸಲ ಆದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ದಪ್ಪ ಟವೆಲ್ ಹೊದಿಸಿ ಹದಿನೈದು ನಿಮಿಷ ಕೂರಿಸುತ್ತಾರೆ. ಬಿಚ್ಚುವಾಗ ಇಡೀ ಮೇಣ ಕೈಗವಸಿನಂತೆ ಒಮ್ಮೆಗೇ ಕಳಚಿಬಂದು, ಅದರೊಳಮೈಯಲ್ಲಿ ನನ್ನ ಬೆರಳಿನ ಗೆರೆಗಳು ಅಚ್ಚಾಗಿರುತ್ತಿದ್ದವು.

ಮೇಣ ಮೂಳೆಯನ್ನೇನೂ ಕೂಡಿಸುವುದಿಲ್ಲ, ಬಿಗಿದ ಕೀಲುಚೀಲವನ್ನೂ ಸ್ನಾಯುವನ್ನೂ ಸಡಿಲಿಸಿ ಮುಂದಿನ ಅರ್ಧಗಂಟೆಯ ವ್ಯಾಯಾಮಕ್ಕೆ ಹದಮಾಡುತ್ತದೆ ಅಷ್ಟೇ ಎಂದು ಆಕೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು. ಮನೆಯಲ್ಲಿ ಮಾಡಲು ಕೊಟ್ಟ ಕೆಲಸಗಳೂ ನಮ್ಮ ಬದುಕಿನೊಳಗಿನವೇ: ಒದ್ದೆ ಟವೆಲ್ ಹಿಂಡುವುದು, ಬೀಗದ ಕೈ ತಿರುಗಿಸುವುದು, ತುಂಬಿದ ಚೊಂಬನ್ನು ಹಿಡಿದು ಅಂಗೈಯನ್ನು ಮೇಲೆ ಕೆಳಗೆ ಮಾಡುವುದು. ಇದರ ಹಿಂದಿರುವ ತತ್ವವನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಮಂಡಿಸಿದ್ದ: ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಒಳಗಿನ ಕಟ್ಟಡವನ್ನು ಬದಲಿಸಿಕೊಳ್ಳುತ್ತದೆ. ಭಾರ ಬೀಳುವ ಕಡೆ ಒಳಗಿನ ಸಣ್ಣ ತೊಲೆಗಳು ದಪ್ಪವಾಗುತ್ತವೆ, ಬೀಳದ ಕಡೆ ತೆಳುವಾಗುತ್ತವೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ಕ್ಕಿಂತ ಹೆಚ್ಚು ಸಾಂದ್ರತೆಯನ್ನು ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಆರು ವಾರ ಜೋಳಿಗೆಯಲ್ಲಿ ನೇತಾಡಿದ ನನ್ನ ಕೈಯೂ ಒಂದು ಬಗೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದೇ. ಒಟ್ಟು 12 ಸಲ ಹೋದೆ. ಹದಿಮೂರನೆಯ ಸಲಕ್ಕೆ ಆಕೆಯೇ ಬೇಡವೆಂದರು. ಇನ್ನೂ ಹತ್ತು ಬರೆದುಕೊಟ್ಟಿದ್ದರೂ ನಾನು ಮರುಮಾತಿಲ್ಲದೆ ಹಣ ಕಟ್ಟುತ್ತಿದ್ದೆ.

ತಂಗಿಯ ಮಗನದು ಬೇರೆಯೇ ಕಥೆ. ಪೇರಳೆಮರದಿಂದ ಬಿದ್ದು ಮುಂಗೈಯ ನಡುಭಾಗ ಬಾಗಿತ್ತು. ಮಕ್ಕಳ ಮೂಳೆಯಲ್ಲಿ ನಾರಿನ ಅಂಶ ಹೆಚ್ಚು, ಮೇಲಿನ ಪೊರೆಯೂ ದಪ್ಪ. ಹಸಿ ದಾಸವಾಳದ ಕಡ್ಡಿಯನ್ನು ಮುರಿಯಲು ಹೋದರೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿ ನಿಲ್ಲುವಂತೆ ಅದು ಅರ್ಧ ಮಾತ್ರ ಮುರಿದಿತ್ತು. ಮೂರನೆಯ ವಾರದ ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಮಬ್ಬು ಮೋಡದಂಥದೊಂದು ಕಂಡಿತು. ನನ್ನ ಚಿತ್ರದಲ್ಲಿ ಅಂಥದೇನೂ ಇರಲಿಲ್ಲವಲ್ಲ ಎಂದು ಕೇಳಿದೆ. ಮಣಿಕಟ್ಟಿನ ಬಳಿ ಮೂಳೆ ಸ್ಪಂಜಿನಂತಿರುವುದರಿಂದ ಅಲ್ಲಿ ಕೂಡುವ ಕೆಲಸ ಹೆಚ್ಚಾಗಿ ಒಳಗಿಂದೊಳಗೇ ನಡೆಯುತ್ತದೆ. ಕೊಳವೆಯಂತಿರುವ ನಡುಭಾಗದಲ್ಲಿ ಮಾತ್ರ ಹೊರಗೆ ಇಂಥ ಗಂಟು ಕಟ್ಟುತ್ತದೆ ಎಂದರು. ಕ್ಯಾಲಸ್ ಎಂಬ ಈ ಗಂಟು ಮೊದಲಿಗೆ ಮೂಳೆಯಲ್ಲ, ಬಹುಪಾಲು ಮೃದ್ವಸ್ಥಿ. ಕಿವಿಯ ಹಾಲೆಯ ಮೇಲಂಚಿನಲ್ಲಿ, ಮೂಗಿನ ತುದಿಯಲ್ಲಿ ಒತ್ತಿದರೆ ಬಾಗುವ ವಸ್ತುವಿನ ಬಂಧು. ಅದರಲ್ಲಿ ಹರಳು ಕೂರುವವರೆಗೂ ಎಕ್ಸ್‌ರೇ ಅದನ್ನು ಕಾಣಲಾರದು. ಅನಂತರ ಅದರೊಳಕ್ಕೆ ರಕ್ತನಾಳಗಳು ನುಗ್ಗುತ್ತವೆ, ಮೃದ್ವಸ್ಥಿ ಕರಗುತ್ತ ಆ ಅಚ್ಚಿನಲ್ಲೇ ಮೂಳೆ ಎದ್ದುನಿಲ್ಲುತ್ತದೆ.

ತಾಯಿಯ ಹೊಟ್ಟೆಯೊಳಗೆ ಮೊದಲ ಸಲ ಮೂಳೆ ಹುಟ್ಟುವುದೂ ಹೀಗೆಯೇ. ತಲೆಬುರುಡೆಯ ಚಪ್ಪಟೆ ಮೂಳೆಗಳನ್ನೂ ಕೊರಳೆಲುಬನ್ನೂ ಬಿಟ್ಟರೆ ಅಸ್ಥಿಪಂಜರದ ಬಹುಭಾಗ ಮೊದಲು ಮೃದ್ವಸ್ಥಿಯ ಅಚ್ಚಾಗಿರುತ್ತದೆ; ಸುಮಾರು ಎಂಟನೆಯ ವಾರದ ಹೊತ್ತಿಗೆ ಉದ್ದಮೂಳೆಗಳ ನಡುವಿನಿಂದ ಅದು ಮೂಳೆಯಾಗತೊಡಗುತ್ತದೆ. ಹುಟ್ಟಿದ ಮೇಲೆಯೂ ಎರಡು ತುದಿಗಳಲ್ಲಿ ಒಂದೊಂದು ತೆಳುವಾದ ಮೃದ್ವಸ್ಥಿಯ ಪದರ ಉಳಿದುಕೊಳ್ಳುತ್ತದೆ. ಗ್ರೋತ್ ಪ್ಲೇಟ್ ಎಂಬ ಆ ಪದರದಲ್ಲಿ ಕೋಶಗಳು ಹಾಳೆತಟ್ಟೆಗಳನ್ನು ಪೇರಿಸಿಟ್ಟಂತೆ ಒಂದರ ಮೇಲೊಂದು ಸಾಲುಗಟ್ಟಿ, ವಿಭಜಿಸಿ, ಉಬ್ಬಿ, ಕೊನೆಗೆ ಮೂಳೆಗೆ ಜಾಗ ಬಿಟ್ಟುಕೊಡುತ್ತವೆ. ಮಗು ಎತ್ತರವಾಗುವುದೆಂದರೆ ಇದೇ. ರೇಡಿಯಸ್ ಮೂಳೆಯ ಬೆಳವಣಿಗೆಯ ಮುಕ್ಕಾಲು ಪಾಲು ಮಣಿಕಟ್ಟಿನ ಕಡೆಯ ಪದರದಿಂದಲೇ ಆಗುತ್ತದೆ. ಹುಡುಗನ ಮುರಿತ ಆ ಪದರಕ್ಕೆ ತಾಗಿಲ್ಲವೆಂಬುದನ್ನು ವೈದ್ಯರು ಮೊದಲು ನೋಡಿ, ಅದನ್ನೇ ಮೊದಲು ನಮಗೆ ತಿಳಿಸಿದರು. ಉಳಿದ ಸ್ವಲ್ಪ ಬಾಗನ್ನು ಹಾಗೆಯೇ ಬಿಟ್ಟದ್ದು ತಂಗಿಗೆ ಸಮಾಧಾನವಾಗಲಿಲ್ಲ. ಬೆಳೆಯುವ ಮೂಳೆ ಬಾಗಿನ ಒಳಬದಿಗೆ ತುಂಬಿಕೊಂಡು, ಹೊರಬದಿಯನ್ನು ಸವೆಸಿಕೊಂಡು ತಾನಾಗಿ ನೇರವಾಗುತ್ತದೆ ಎಂದು ವೈದ್ಯರು ಹೇಳಿದ್ದನ್ನು ಅವಳು ನಂಬಿದ್ದು ಬೇಸಿಗೆ ರಜೆಯ ಹೊತ್ತಿಗೆ, ಎರಡು ಕೈಗಳನ್ನೂ ಪಕ್ಕಪಕ್ಕ ಚಾಚಿಸಿ ನೋಡಿದ ಮೇಲೆ.

ಕಾಯುವ ಹೊತ್ತಿನಲ್ಲಿ ಹುಡುಗ ನನ್ನನ್ನು ಕೇಳಿದ್ದ: 'ಮಾವ, ಮೂಳೆ ರಬ್ಬರಿನ ಹಾಗೆ ಎಳೆದು ಉದ್ದ ಆಗುತ್ತಾ?' ಅಲ್ಲಿ ಕಾಯುವುದಕ್ಕೆ ಯಥೇಚ್ಛ ಸಮಯ ಇದ್ದುದರಿಂದ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಸುಮಾರು 300 ವರ್ಷದ ಹಿಂದೆ ಕೋಳಿಮರಿಯ ಕಾಲುಮೂಳೆಗೆ ಎರಡು ಸಣ್ಣ ತೂತು ಹಾಕಿದ ಕಥೆಯನ್ನು ಹೇಳಿದೆ. ಮರಿ ದೊಡ್ಡದಾಯಿತು, ಮೂಳೆ ಉದ್ದವಾಯಿತು, ತೂತುಗಳ ನಡುವಿನ ಅಂತರ ಮಾತ್ರ ಇದ್ದಷ್ಟೇ ಇತ್ತು. ಬೆಳವಣಿಗೆ ನಡುವೆಯಲ್ಲ, ತುದಿಗಳಲ್ಲಿ ಎಂದು ಹಾಗೆ ತಿಳಿಯಿತು. 1736ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬೆಲ್ಚಿಯರ್ ಬಟ್ಟೆಗೆ ಬಣ್ಣ ಹಾಕುವವರ ಮನೆಯ ಊಟದಲ್ಲಿ ಹಂದಿಯ ಮೂಳೆ ಕೆಂಪಗಿರುವುದನ್ನು ಕಂಡ ಕಥೆಯೂ ಆಯಿತು. ಬಣ್ಣದ ಬೇರು ಸೇರಿದ ತೌಡನ್ನು ತಿಂದ ಹಂದಿ ಅದು. ನಮ್ಮ ಮಂಜಿಷ್ಠದ ಹತ್ತಿರದ ನಂಟನಾದ ಆ ಬೇರಿನ ಕೆಂಪು, ಆ ದಿನಗಳಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮೂಳೆಯಲ್ಲಿ ಕೂತುಬಿಡುತ್ತದೆ. ಎರಡು ಕಥೆ ಮುಗಿದರೂ ನಮ್ಮ ಸರದಿ ಬಂದಿರಲಿಲ್ಲ. ಹತ್ತು ಗಂಟೆಗೆ ಬರಲು ಹೇಳಿ ಹನ್ನೆರಡು ಮುಕ್ಕಾಲಿಗೆ ಒಳಗೆ ಕರೆದರು, ಮೂರೂ ಜನರ ವಿಷಯದಲ್ಲಿ ಹೆಚ್ಚುಕಡಿಮೆ ಹೀಗೆಯೇ ಆಗಿದೆ.

ಅಮ್ಮನ ಮೊಣಕಾಲಿನ ವಿಷಯಕ್ಕೆ ಬಂದಾಗ ಈ ಚಿಕಿತ್ಸಾಲಯದ ಎರಡು ಮುಖಗಳೂ ಕಂಡವು. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿ ಕೆಲವೇ ಮಿಲಿಮೀಟರ್ ದಪ್ಪ. ಅದರ ತೂಕದ ಬಹುಪಾಲು ನೀರು. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ನಡೆಯುವಾಗ ಒತ್ತಡ ಬಿದ್ದರೆ ನೀರು ಹೊರಬರುತ್ತದೆ, ಕಾಲೆತ್ತಿದರೆ ಕೀಲುರಸವನ್ನು ಮತ್ತೆ ಹೀರಿಕೊಳ್ಳುತ್ತದೆ. ಅದರ ಊಟ ಇದೇ. ಮುರಿದ ಮೂಳೆ ರಕ್ತವನ್ನು ಕರೆದುಕೊಂಡು ಬದುಕುತ್ತದೆ, ಕೀಲಿನ ಮೃದ್ವಸ್ಥಿ ರಕ್ತವನ್ನು ದೂರವಿಟ್ಟು ಬದುಕುತ್ತದೆ. ಹಾಗಾಗಿ ಒಮ್ಮೆ ಸವೆದರೆ ಹೆಪ್ಪೂ ಇಲ್ಲ, ಕೂಗೂ ಇಲ್ಲ, ಕೆಲಸಗಾರರೂ ಬರುವುದಿಲ್ಲ. ಹಾಳಾದ ಮೃದ್ವಸ್ಥಿ ಮತ್ತೆ ಮೊದಲಿನಂತಾಗುವುದಿಲ್ಲವೆಂದು ಅಂಗರಚನೆಯನ್ನು ಅಭ್ಯಸಿಸಿದ ವೈದ್ಯ ವಿಲಿಯಂ ಹಂಟರ್ 1743ರಲ್ಲಿಯೇ ಬರೆದಿದ್ದ. ಸ್ವೀಡನ್ನಿನ ವೈದ್ಯರು ರೋಗಿಯದೇ ಮೃದ್ವಸ್ಥಿ ಕೋಶಗಳನ್ನು ಹೊರಗೆ ಬೆಳೆಸಿ ಮರಳಿ ನೆಡುವ ವಿಧಾನವನ್ನು 1994ರಲ್ಲಿ ಪ್ರಕಟಿಸಿದ್ದಾರೆ, ಆದರೆ ಅದು ಚಿಕ್ಕ ವಯಸ್ಸಿನವರ, ಸೀಮಿತ ಗಾಯಕ್ಕೆ. ಇಡೀ ಕೀಲು ಸವೆದ ಅಮ್ಮನಂಥವರಿಗಲ್ಲ. ಇದನ್ನು ವೈದ್ಯರು ಅಮ್ಮನಿಗೆ ಮರೆಮಾಚದೆ ಹೇಳಿದರು. ತೊಡೆಯ ಸ್ನಾಯು ಬಲವಾದರೆ ಕೀಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ, ನಡೆಯುವುದನ್ನು ನಿಲ್ಲಿಸಬಾರದು, ನೆಲದ ಮೇಲೆ ಕೂರುವುದನ್ನು ಮಾತ್ರ ಬಿಡಬೇಕು ಎಂದರು. ಮೇಲಿನ ಕೋಣೆಯ ಹುಡುಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ಈಳಿಗೆಮಣೆ ಎಲ್ಲಿಟ್ಕೊಂಡು ಹೆಚ್ತೀರಿ ಅಮ್ಮಾ?' ಎಂದು ಕೇಳಿ, ಅದನ್ನು ಬೆಂಚಿನ ಮೇಲಿಟ್ಟು ನಿಂತು ಹೆಚ್ಚುವಂತೆ ಒಪ್ಪಿಸಿದರು. ನಾನು ಹತ್ತು ವರ್ಷ ಹೇಳಿದ್ದಕ್ಕೆ ಅಮ್ಮ ಕಿವಿಗೊಟ್ಟಿರಲಿಲ್ಲ.

ಅಮ್ಮನ ತವರು ಸಾಗರದ ಕಡೆ. ಎಕ್ಸ್‌ರೇ ನೋಡುತ್ತಿದ್ದ ವೈದ್ಯರನ್ನು ಆಕೆ ಕೇಳಿದ ಮೊದಲ ಪ್ರಶ್ನೆ, ಇದು ಹಂದಿಗೋಡಿನ ಕಾಯಿಲೆಯೇ ಎಂದು. ಸಾಗರದ ಬಳಿಯ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಆ ಕಾಯಿಲೆಯಲ್ಲಿ ಸೊಂಟದ, ಮೊಣಕಾಲಿನ ಕೀಲುಗಳು ಚಿಕ್ಕ ವಯಸ್ಸಿನಲ್ಲಿಯೇ ಹಾಳಾಗಿ, ಕೆಲವರು ನಿಲ್ಲಲಾರದೆ ತೆವಳಿಕೊಂಡು ಬದುಕಬೇಕಾಯಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವೆಂದು ಮೊದಲು ಶಂಕಿಸಿದ್ದರು. ಅನಂತರದ ಅಧ್ಯಯನಗಳು ಅದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ, ಮೂಳೆಯ ತುದಿಯ ಬೆಳವಣಿಗೆಯೇ ತಪ್ಪುವ ಆನುವಂಶಿಕ ದೋಷವೆಂದು ತೋರಿಸಿದವು. ವೈದ್ಯರು ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲಿಲ್ಲ. ಸೊಂಟದ ಎಕ್ಸ್‌ರೇಯನ್ನೂ ಎದುರಿಗಿಟ್ಟು, ತೊಡೆಮೂಳೆಯ ತಲೆ ದುಂಡಾಗಿ ಸರಿಯಾಗಿದೆ, ಇದು ವಯಸ್ಸಿನ ಸವೆತ, ಅದಲ್ಲ ಎಂದು ತೋರಿಸಿದರು. ಅಮ್ಮನ ಮುಖದ ಮೇಲಿನ ಅರ್ಧ ನೋವು ಅಲ್ಲಿಯೇ ಇಳಿಯಿತು.

ಇಷ್ಟೆಲ್ಲ ಒಳಗೆ ಕೇಳಿಸಿಕೊಂಡು ಹೊರಗೆ ಬಂದರೆ, ಅದೇ ಕಟ್ಟಡದ ಔಷಧದ ಕೌಂಟರಿನಲ್ಲಿ ಚೀಟಿಯಲ್ಲಿ ಬರೆಯದ ಒಂದು ಡಬ್ಬಿಯನ್ನು ಮುಂದಿಟ್ಟರು. ಕೊಲ್ಯಾಜೆನ್ ಮತ್ತು ಗ್ಲುಕೋಸಮೀನ್ (ಮೃದ್ವಸ್ಥಿಯಲ್ಲಿರುವ ಸಕ್ಕರೆ ಬಗೆಯ ವಸ್ತು) ಸೇರಿದ ಪುಡಿ, ತಿಂಗಳಿಗೆ ₹1,850. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ, ಮೂರು ತಿಂಗಳ ಕೋರ್ಸ್ ಮಾಡಿ ಎಂದರು. ಹೊಟ್ಟೆಗೆ ಹೋದ ಕೊಲ್ಯಾಜೆನ್ ನೇರವಾಗಿ ಮೊಣಕಾಲಿಗೆ ಹೋಗಿ ಅಂಟಿಕೊಳ್ಳುವುದಿಲ್ಲ. ಬೇಳೆಯ, ಹಾಲಿನ ಪ್ರೋಟೀನಿನಂತೆಯೇ ಅದೂ ಜೀರ್ಣವಾಗಿ ಚೂರಾಗುತ್ತದೆ. ಗ್ಲುಕೋಸಮೀನ್ ಬಗ್ಗೆ ಅಮೆರಿಕದಲ್ಲಿ 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಒಟ್ಟಾರೆಯಾಗಿ ನೋಡಿದರೆ ಅದು ಔಷಧವಿಲ್ಲದ ಖಾಲಿ ಮಾತ್ರೆಗಿಂತ ಗಣನೀಯವಾಗಿ ಮೇಲೆಂದು ಕಾಣಲಿಲ್ಲ. ನೋವು ಹೆಚ್ಚಿದ್ದವರ ಒಂದು ಚಿಕ್ಕ ಗುಂಪಿಗೆ ಮಾತ್ರ, ಕಾಂಡ್ರಾಯ್ಟಿನ್ ಎಂಬ, ಮೃದ್ವಸ್ಥಿಯದೇ ಇನ್ನೊಂದು ವಸ್ತುವಿನ ಜೊತೆಗೆ ಕೊಟ್ಟಾಗ ಸ್ವಲ್ಪ ಪ್ರಯೋಜನ ತೋರಿತ್ತು. ನಾನು ವಾಪಸ್ ಒಳಗೆ ಹೋಗಿ ಕೇಳಿದೆ. ವೈದ್ಯರು, ಅದು ತಾವು ಬರೆದದ್ದಲ್ಲ, ಬೇಕಾಗಿಲ್ಲ ಎಂದರು. ಹಾಗಾದರೆ ತಮ್ಮ ಬಾಗಿಲಿನಿಂದ ಹತ್ತು ಹೆಜ್ಜೆಯಲ್ಲಿ ಅದನ್ನು ಯಾರ ಒಪ್ಪಿಗೆಯಿಂದ ಮಾರುತ್ತಾರೆ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಹೊಸನಗರದ ಕಡೆಯ ವೃದ್ಧರೊಬ್ಬರು ಮೂರು ಡಬ್ಬಿಯನ್ನೂ ಕೊಂಡುಕೊಂಡು ಚೀಲಕ್ಕೆ ಹಾಕಿದರು. ಒಳಗಿನ ಪ್ರಾಮಾಣಿಕತೆಗೆ ಕೊಟ್ಟ ಅಂಕದಲ್ಲಿ ಕೌಂಟರಿಗಾಗಿ ಅರ್ಧ ಕಳೆಯಲೇಬೇಕಾಗುತ್ತದೆ.

ಊರಿನ ಮೂಳೆ ಕಟ್ಟುವವರ ಬಳಿಗೇ ಹೋಗಬಹುದಿತ್ತಲ್ಲ ಎಂದು ಈಗಲೂ ಕೆಲವರು ಕೇಳುತ್ತಾರೆ. ಆ ವಿದ್ಯೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಶ್ರುತಸಂಹಿತೆ ಮೂಳೆ ಮುರಿತವನ್ನು 12 ಬಗೆಯಾಗಿ, ಕೀಲು ತಪ್ಪುವುದನ್ನು 6 ಬಗೆಯಾಗಿ ವಿಂಗಡಿಸಿ, ಮರದ ತೊಗಟೆಯ, ಬಿದಿರಿನ ದಬ್ಬೆಯಿಟ್ಟು ಕಟ್ಟುವುದನ್ನು ಹೇಳುತ್ತದೆ. ನನ್ನ ಕೈಗೆ ಹಾಳೆ ಕಟ್ಟಿದವರು ಅದೇ ದಾರಿಯವರು. ಮೂಳೆ ಕೂಡಿಸುತ್ತದೆಂದು ಹಳ್ಳಿಯಲ್ಲಿ ನಂಬುವ ಮಂಗರವಳ್ಳಿಯ ಚಟ್ನಿಯನ್ನು ಅಮ್ಮ ಆ ಆರು ವಾರವೂ ಮಾಡಿದ್ದಾರೆ, ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ತುರಿಕೆ ಮುರಿಯಲು ಹುಣಸೆಹಣ್ಣು ಹಾಕಿ, ವೈದ್ಯರೂ ಬೇಡವೆನ್ನಲಿಲ್ಲ. ಆದರೆ ಒಳಗೆ ಹೇಗೆ ಕೂತಿದೆಯೆಂದು ನೋಡುವ ಎಕ್ಸ್‌ರೇ ಇಲ್ಲದೆ, ಊತ ಏರುವ ಮೊದಲ ದಿನವೇ ಬಿಗಿದು ಕಟ್ಟಿದ ಕಟ್ಟಿನಿಂದ ಬೆರಳುಗಳ ಬಲವನ್ನೇ ಕಳೆದುಕೊಂಡ ನೆಂಟರೊಬ್ಬರು ನಮ್ಮಲ್ಲಿದ್ದಾರೆ. ಮೂಳೆ ಹೇಗಿಟ್ಟರೂ ಕೂಡುತ್ತದೆ. ಓರೆಯಾಗಿಟ್ಟರೆ ಓರೆಯಾಗಿಯೇ ಗಟ್ಟಿಯಾಗಿ ಕೂಡುತ್ತದೆ.

ಖರ್ಚಿನ ವಿವರ ಕೇಳುವವರಿಗಾಗಿ: ನೋಡುವ ಶುಲ್ಕ ₹500, ಏಳು ದಿನದೊಳಗೆ ಮತ್ತೊಮ್ಮೆ ಹೋದರೆ ಉಚಿತ. ಎಕ್ಸ್‌ರೇ ಒಂದಕ್ಕೆ ₹450, ನನ್ನ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದ್ದಕ್ಕೆ ₹4,200, ಫೈಬರ್ ಕಟ್ಟಿಗೆ ಪ್ರತ್ಯೇಕ ₹3,000, ಫಿಸಿಯೋಥೆರಪಿ ಒಂದು ಸಲಕ್ಕೆ ₹300. ಎಲ್ಲಕ್ಕೂ ರಸೀದಿ ಕೊಡುತ್ತಾರೆ. ಎಕ್ಸ್‌ರೇ ಫಿಲ್ಮನ್ನು ನಮ್ಮ ಕೈಗೇ ಕೊಡುತ್ತಾರೆ, ಅದನ್ನು ಜೋಪಾನವಾಗಿಟ್ಟುಕೊಳ್ಳಿ. ಸೋಮವಾರ ಜನ ಬಹಳ. ಬುಧವಾರ ಮಧ್ಯಾಹ್ನದ ಮೇಲೆ ಹೋದರೆ ಕಾಯುವುದು ಕಡಿಮೆ. ನೆಲಮಹಡಿಯ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರುವ ವ್ಯವಸ್ಥೆ ಮಾತ್ರ ಇದೆ, ಹಿಡಿದುಕೊಳ್ಳಲು ಏನೂ ಇಲ್ಲ. ಮೂಳೆ, ಕೀಲಿನ ರೋಗಿಗಳೇ ಬರುವ ಜಾಗದಲ್ಲಿ ಇದನ್ನು ಯಾರೂ ಯೋಚಿಸಲಿಲ್ಲವೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಶೌಚಾಲಯ, ಮೆಟ್ಟಿಲು, ಪುಡಿಯ ಡಬ್ಬಿ ಮೂರನ್ನೂ ಬರೆದು ಸಲಹೆಯ ಪೆಟ್ಟಿಗೆಗೆ ಹಾಕಿ ಬಂದೆ. ಕಳೆದ ತಿಂಗಳು ಅಮ್ಮನ ಜೊತೆ ಹೋದಾಗ ಕೌಂಟರಿನ ಡಬ್ಬಿಗಳು ಅಲ್ಲೇ ಇದ್ದವು, ಶೌಚಾಲಯ ಹಾಗೆಯೇ ಇತ್ತು. ಮೆಟ್ಟಿಲಿಗೆ ಮಾತ್ರ ಸ್ಟೀಲಿನ ಹಿಡಿ ಹಾಕಿಸಿದ್ದಾರೆ. ಅದೂ ಒಂದೇ ಬದಿಗೆ. ಅಮ್ಮ ಹತ್ತುವಾಗ ಬಲಗೈಗೆ ಸಿಗುತ್ತದೆ, ಇಳಿಯುವಾಗ ಆ ಕೈಗೆ ಬರೀ ಗೋಡೆ.